ಎಂಜಲಿನ ಕಾಟವಿಲ್ಲದ ಬಾಯಿ

"ಗುರುಗಳೇ, ಇವತ್ತು ಒಬ್ಬರು ಬಂದಿದ್ದರು. ಬಾಯಲ್ಲಿಟ್ಟ ಹತ್ತಿ ಒಮ್ಮೆಯೂ ಬದಲಿಸದೆ ಅರ್ಧ ಗಂಟೆಯಲ್ಲಿ ನಾಲ್ಕು ಹಲ್ಲು ತುಂಬಿಬಿಟ್ಟೆ. ಒಳ್ಳೆಯ ರೋಗಿ ಎಂದರೆ ಅಂಥವರೇ ಅಲ್ಲವೇ?" ಎಂದು ಶಿಷ್ಯ ಕೇಳಿದ. ಹಲ್ಲಿನ ವೈದ್ಯಕೀಯ ಕಲಿಸುತ್ತಿದ್ದ ಗುರು ಕೈ ತೊಳೆದು ಬಂದು ಕೂತು ಈ ಕತೆ ಹೇಳಿದರು.

ಒಬ್ಬಳು ಗಮಕಿ ಇದ್ದಳು. ಸಭೆಯಲ್ಲಿ ಕಾವ್ಯವನ್ನು ರಾಗವಾಗಿ ಓದುವುದೇ ಅವಳ ಬದುಕು. ಅವಳ ಉಚ್ಚಾರಣೆ ಕೇಳಲೆಂದೇ ಜನ ಬರುತ್ತಿದ್ದರು. ಐವತ್ತು ದಾಟಿದ ಮೇಲೆ ಹಲ್ಲುಗಳು ಬುಡದಲ್ಲಿ ಕೊಳೆಯತೊಡಗಿದವು. ಊರಿನ ಹಲ್ಲಿನ ವೈದ್ಯನ ಬಳಿ ಹೋದಳು.

ವೈದ್ಯನ ಕೈಯೇನೋ ಪಳಗಿದ ಕೈ. ಆದರೆ ಹಲ್ಲು ತುಂಬುವವರಿಗೆ ಎಂಜಲೇ ಶತ್ರು. ಹತ್ತಿ ಇಡಬೇಕು, ನೆನೆದರೆ ಬದಲಿಸಬೇಕು. ಇವಳ ಬಾಯಲ್ಲಿ ಇಟ್ಟ ಹತ್ತಿ ಒಣಗಿಯೇ ಇರುತ್ತಿತ್ತು. ಹಲ್ಲು ನೋಡುವ ಪುಟ್ಟ ಕನ್ನಡಿ ಕೆನ್ನೆಯ ಒಳಗೆ ಅಂಟಿಕೊಂಡರೆ ಅದನ್ನು ನೀರಲ್ಲಿ ಅದ್ದಿಕೊಂಡು ಕೆಲಸ ಮುಂದುವರಿಸುತ್ತಿದ್ದ.

"ನಿಮ್ಮಂಥ ಬಾಯಿ ಸಾವಿರಕ್ಕೊಂದು ಸಿಗೋದೂ ಕಷ್ಟ ತಾಯಿ. ಎಂಜಲಿನ ಕಾಟವೇ ಇಲ್ಲ," ಎಂದ.

ತುತ್ತಿಗೊಂದು ಗುಟುಕು ನೀರಿಲ್ಲದೆ ಅನ್ನ ಇಳಿಯುವುದಿಲ್ಲ, ಓದುವಾಗ ನಾಲಗೆ ಅಂಟುತ್ತದೆ, ಅದಕ್ಕೇ ಕಲ್ಲುಸಕ್ಕರೆ ಚೀಪುತ್ತೇನೆ ಎಂದು ಹೇಳಲು ಬಂದವಳು ಹಿಗ್ಗಿ ಸುಮ್ಮನಾದಳು. ಹೊಗಳಿ ಬಾಯಿ ಮುಚ್ಚಿಸಿದ, ಪುಣ್ಯಾತ್ಮ. ಏಳು ವರ್ಷ ತುಂಬಿದ, ಕಿತ್ತ, ಮತ್ತೆ ತುಂಬಿದ. ಸಿಹಿ ತಿನ್ನುತ್ತೀರಿ ಎಂದು ಅವಳನ್ನೇ ಗದರಿದ. ಏಕೆ ತಿನ್ನುತ್ತೀರಿ ಎಂದು ಮಾತ್ರ ಕೇಳಲಿಲ್ಲ. ಕೊನೆಯ ಹಲ್ಲೂ ಹೋಯಿತು. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಒಣಗಿದ ಬಾಯಲ್ಲಿ ನಿಲ್ಲದೆ, ಓದುತ್ತಿದ್ದ ಪುಟದ ಮೇಲೆ ಬಿತ್ತು. ಸಭೆ ನಕ್ಕಿತು.

ಬೇರೆ ಊರಿನ ಒಬ್ಬ ಹಿರಿಯ ವೈದ್ಯೆ ಅವಳ ಬಾಯಿ ನೋಡುವ ಮೊದಲೇ, "ದಿನಾ ಏನೇನು ಮಾತ್ರೆ ತಗೋತೀರಮ್ಮ?" ಎಂದು ಕೇಳಿದಳು. ನಿದ್ದೆಗೊಂದು, ತುರಿಕೆಗೊಂದು. ಎರಡೂ ಬಾಯಿ ಒಣಗಿಸುವಂಥವು, ಹಲ್ಲು ಕೊಳೆಯದಂತೆ ಕಾಯುವ ಎಂಜಲನ್ನೇ ಇಂಗಿಸುವಂಥವು. ಆ ಮಾತ್ರೆ ಬರೆದ ಡಾಕ್ಟರಿಗೆ ಚೀಟಿ ಕಳಿಸಿ ಅವನ್ನು ಬದಲು ಮಾಡಿಸಿದಳು. ತಿಂಗಳು ಕಳೆಯುವುದರೊಳಗೆ ಗಮಕಿಯ ಬಾಯಲ್ಲಿ ನೀರೂರಿತು. ಸೆಟ್ಟೂ ನಿಂತಿತು.

ಅವಳು ಕೂತು ಅತ್ತಳು. ಇಷ್ಟೇ ಆಗಿತ್ತಲ್ಲ ಎಂದು ಅತ್ತಳು. ಆ ನಗು ಕೇಳಿದ ಮೇಲೆ ಅವಳು ಮತ್ತೆ ಯಾವ ಸಭೆಯಲ್ಲೂ ಓದಲಿಲ್ಲ.

ಗುರು ಶಿಷ್ಯನ ಕಡೆ ತಿರುಗಿ ಕೇಳಿದರು: "ಇವತ್ತು ಬಂದ ನಿನ್ನ ಒಳ್ಳೆಯ ರೋಗಿ ಎಷ್ಟು ಸಲ ನೀರು ಕೇಳಿದರು?"