ಗುಬ್ಬಿಯೂ ಸಾತವ್ವನ ಸೌಟೂ

ಭೂಮಿ ಇನ್ನೂ ಹೊಸದಾಗಿದ್ದ ಕಾಲ ಅದು. ಗುಡ್ಡಗಳು ಆಗಷ್ಟೇ ಎದ್ದು ನಿಂತಿದ್ದವು. ಹೊಳೆಗೆ ತಾನು ಎಡಕ್ಕೆ ಹರಿಯಬೇಕೋ ಬಲಕ್ಕೋ ಎಂಬುದು ಸರಿಯಾಗಿ ತಿಳಿದಿರಲಿಲ್ಲ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿಕೊಂಡು ಹೋಗುತ್ತಿತ್ತು. ಹಕ್ಕಿಗಳಿಗೆ ಆಗ ಯಾರ ಅಂಜಿಕೆಯೂ ಇರಲಿಲ್ಲ. ಮನುಷ್ಯರ ಮಗ್ಗುಲಲ್ಲೇ ಕೂತು, ತಲೆ ತಗ್ಗಿಸಿ, ಎಲೆ ಖಾಲಿಯಾಗುವವರೆಗೂ ಮೇಲೆ ನೋಡದೆ ಉಣ್ಣುತ್ತಿದ್ದವು.

ಆ ಹೊಳೆಯ ತಿರುವಿನಲ್ಲಿ ಸಾತವ್ವ ಎಂಬವಳ ಮನೆ. ಮನೆಯ ಹಿಂದೆ ಹಿತ್ತಲು. ಹಿತ್ತಲಲ್ಲಿ ಒಂದು ಅವರೆ ಬಳ್ಳಿ. ಅವಳ ಅವ್ವ ಸಾಯುವಾಗ ಕೈಗಿಟ್ಟು ಹೋದ ಬೀಜದಿಂದ ಎದ್ದ ಬಳ್ಳಿ ಅದು. ಇಡೀ ಜಗತ್ತಿನಲ್ಲಿ ಆಗ ಇದ್ದದ್ದು ಅದೊಂದೇ ಅವರೆ. ಅದು ಒಣಗಿತೋ, ಅವರೆಕಾಳಿನ ಸಾರು ಯಾರ ಮನೆಯಲ್ಲೂ ಇಲ್ಲ, ಎಂದೆಂದಿಗೂ ಇಲ್ಲ. ಯೋಚಿಸಿ ನೋಡಿ!

ಸಾತವ್ವ ಒಳ್ಳೆಯವಳು. ತುಸು ಹೆಚ್ಚೇ ಒಳ್ಳೆಯವಳು ಎನ್ನಬೇಕು. ಅವಳ ಬಾಗಿಲ ಮುಂದೆ ಹಾದವರು ಯಾರೂ ಉಣ್ಣದೆ ಹೋಗುವಂತಿರಲಿಲ್ಲ. ಉಂಡವರೂ ಒಂದೇ ಸಲ ಉಂಡು ಹೋಗುವಂತಿರಲಿಲ್ಲ. ಸೌಟು ಹಿಡಿದು ಎದುರಿಗೇ ನಿಲ್ಲುತ್ತಿದ್ದಳು. ಯಾರಾದರೂ "ಸಾಕು" ಎಂದರೆ ಒಂದು ಸೌಟು, "ಬ್ಯಾಡವೇ ಬ್ಯಾಡ" ಎಂದರೆ ಎರಡು ಸೌಟು. ಎಲೆಯ ಮೇಲೆ ಕೈ ಅಡ್ಡ ಇಟ್ಟರೆ ಕೈಯ ಮೇಲೇ ಬಡಿಸುತ್ತಿದ್ದಳು.

ಒಂದು ಬೆಳಿಗ್ಗೆ ಹಿತ್ತಲಿಗೆ ಹೋದಾಗ ಅವಳ ಕಣ್ಣಿಗೆ ಬಿದ್ದದ್ದೇನು? ಗುಬ್ಬಿ, ಗೊರವಂಕ, ಬೆಳವ, ಎಲ್ಲ ಅವರೆ ಬಳ್ಳಿಯ ಮೇಲೆ ಕೂತು ಹುಳ ಹೆಕ್ಕಿ ತಿನ್ನುತ್ತಿದ್ದವು. ಸಾತವ್ವನಿಗೆ ಎಂಥಾ ಅವಮಾನವಾಯಿತೆಂದರೆ, ನೀರಿನ ಕೊಡ ಅಲ್ಲೇ ಇಳಿಸಿಬಿಟ್ಟಳು.

"ಅಯ್ಯ ಶಿವನ! ನನ್ನ ಹಿತ್ತಲಕ್ಕ ಬಂದು ಹುಳ ತಿಂತೀರೇನು? ಮಂದಿ ಏನಂದಾರು? ಸಾತವ್ವನ ಮನ್ಯಾಗ ಒಲಿ ಹತ್ತಂಗಿಲ್ಲ ಅಂದಾರು. ಇಳೀರಿ ಕೆಳಗ!"

"ನಮಗ ಹುಳ ರುಚಿ ಆಗ್ತೈತಿ, ಅವ್ವಾ," ಎಂದಿತು ಗುಬ್ಬಿ.

"ರುಚಿ ಅಂದ್ರೇನಂತ ನಿಮಗ ಇನ್ನೂ ಗೊತ್ತಿಲ್ಲ," ಎಂದಳು ಸಾತವ್ವ.

ಹಕ್ಕಿಗಳನ್ನೆಲ್ಲ ಪಂಕ್ತಿಯಲ್ಲಿ ಕೂರಿಸಿದಳು. ಮುತ್ತುಗದ ಎಲೆ ಹಾಕಿದಳು. ಬಿಸಿ ನವಣೆ ಅನ್ನ, ಅದರ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಬೆಲ್ಲ. ಹಕ್ಕಿಗಳು ತಲೆ ತಗ್ಗಿಸಿ ಉಂಡವು. ಎಲೆ ಖಾಲಿಯಾಯಿತು. ಖಾಲಿ ಎಲೆ ಕಂಡರೆ ಸಾತವ್ವನ ಕೈ ನಿಲ್ಲುತ್ತದೆಯೇ?

"ಸಾಕವ್ವಾ," ಎಂದಿತು ಬೆಳವ. ಒಂದು ಸೌಟು ಬಿತ್ತು.

"ಬ್ಯಾಡವೇ ಬ್ಯಾಡ," ಎಂದಿತು ಗೊರವಂಕ. ಎರಡು ಸೌಟು ಬಿದ್ದವು.

ಗುಬ್ಬಿ ಬಾಯಿಯನ್ನೇ ತೆರೆಯಲಿಲ್ಲ. "ನಾಚ್ಕೋತೈತಿ ಪಾಪ, ಸಣ್ಣದು! ನನ್ನಾಣಿ ಐತಿ ನೋಡು, ಇದೊಂದು ಉಣ್ಣು," ಎಂದು ಸಾತವ್ವ ಆಣೆ ಇಟ್ಟಳು. ಆಗಿನ ಕಾಲದಲ್ಲಿ ಆಣೆ ಮೀರುವವರು ಯಾರೂ ಇರಲಿಲ್ಲ. ಗುಬ್ಬಿ ಕಣ್ಣು ಮುಚ್ಚಿ ನುಂಗಿತು.

ಮರುದಿನವೂ ಹೀಗೆಯೇ. ಅದರ ಮರುದಿನವೂ ಹೀಗೆಯೇ. ಹಕ್ಕಿಗಳ ಹೊಟ್ಟೆ ನೆಲ ಮುಟ್ಟಿತು. ಇತ್ತ ಹುಳಗಳಿಗೆ ಹಬ್ಬವೋ ಹಬ್ಬ. ತಿನ್ನುವವರೇ ಇಲ್ಲವೆಂದ ಮೇಲೆ ಅವು ಮಕ್ಕಳು ಮೊಮ್ಮಕ್ಕಳನ್ನೆಲ್ಲ ಕರೆದುಕೊಂಡು ಬಂದು ಬಳ್ಳಿಯ ಮೇಲೆ ಬಿಡಾರ ಹೂಡಿದವು.

"ಸಾತವ್ವಾ, ನನ್ನ ಎಲಿ ತಿಂದ್ವು," ಎಂದು ಬಳ್ಳಿ ಕೂಗಿತು.

"ಸಾತವ್ವಾ, ನನ್ನ ಹೂವು ತಿಂದ್ವು," ಎಂದು ಬಳ್ಳಿ ಅತ್ತಿತು.

ಸಾತವ್ವ ಹಕ್ಕಿಗಳ ಬಳಿಗೆ ಓಡಿದಳು. ಅವು ಬಿಸಿಲಲ್ಲಿ ಅಂಗಾತ ಬಿದ್ದು ಏದುಸಿರು ಬಿಡುತ್ತಿದ್ದವು. ಅಯ್ಯೋ, ಎಷ್ಟು ಸೊರಗಿವೆ, ಏಳುವುದಕ್ಕೂ ತ್ರಾಣವಿಲ್ಲ, ನಾನು ಬಡಿಸಿದ್ದು ಸಾಲಲಿಲ್ಲ ಎಂದುಕೊಂಡಳು. ಅಂದಿನಿಂದ ಬೆಣ್ಣೆ ಇಮ್ಮಡಿಯಾಯಿತು.

ಅತಿಯಾದರೆ ಅಮೃತವೂ ವಿಷ ಎಂಬ ಮಾತು ಆಗಿನ್ನೂ ಹುಟ್ಟಿರಲಿಲ್ಲ. ಅದು ಹುಟ್ಟಿದ್ದು ಬಹುಶಃ ಅದೇ ಹಿತ್ತಲಲ್ಲಿ.

ಒಂದು ದಿನ ಪಂಕ್ತಿ ಕೂತಿತ್ತು. ಹಕ್ಕಿಗಳ ತಲೆಗಳೆಲ್ಲ ಎಲೆಯಲ್ಲಿದ್ದವು. ಗೋಡೆಯ ಮೇಲೆ ಕಾಡುಬೆಕ್ಕು ಬಂದು ಕೂತದ್ದು ಯಾರಿಗೂ ಕಾಣಲಿಲ್ಲ. ಬೆಕ್ಕು ಹಾರಿತು. ಹಕ್ಕಿಗಳು ರೆಕ್ಕೆ ಬಡಿದವು, ಆದರೆ ಹೊಟ್ಟೆ ಮೇಲೇಳಲಿಲ್ಲ. ಬೆಳವ ಉರುಳಿ ಉರುಳಿ ಕಲ್ಲಿನ ಸಂದಿ ಸೇರಿತು. ಗೊರವಂಕದ ಬಾಲದ ಪುಕ್ಕಗಳು ಬೆಕ್ಕಿನ ಬಾಯಲ್ಲಿ ಉಳಿದವು. ಗುಬ್ಬಿ ಮಾತ್ರ ಎದ್ದಿತು, ಬಿದ್ದಿತು, ಮತ್ತೆ ಎದ್ದಿತು, ಬೆಕ್ಕಿನ ಕಾಲ ಬುಡದಲ್ಲೇ ಬಿದ್ದಿತು.

ಸಾತವ್ವ ಸೌಟನ್ನೇ ಬೀಸಿ ಒಗೆದಳು. ಬೆಕ್ಕಿನ ಮೂಗಿಗೆ ಸರಿಯಾಗಿ ತಾಗಿತು. ಅದು ಗೋಡೆ ಹಾರಿ ಓಡಿತು.

ಗುಬ್ಬಿಯನ್ನು ಅಂಗೈಯಲ್ಲಿ ಎತ್ತಿಕೊಂಡಳು. ಅದರ ಎದೆ ಢವಢವ ಹೊಡೆದುಕೊಳ್ಳುತ್ತಿತ್ತು. ಸಾತವ್ವನ ಕಣ್ಣಲ್ಲಿ ನೀರು ಬಂತು.

"ಅಂಜಬ್ಯಾಡ ತಂಗಿ. ಒಂದು ತುತ್ತು ಉಣ್ಣು, ಅಂಜಿಕಿ ಹೋಗ್ತೈತಿ."

ಗುಬ್ಬಿ ತಲೆ ಎತ್ತಿ ಅವಳ ಮುಖ ನೋಡಿತು. "ಅವ್ವಾ, ಬೆಕ್ಕು ಕೊಂದ್ರ ಒಮ್ಮೆ ಕೊಲ್ತೈತಿ. ನೀ ದಿನಾ ಕೊಲ್ಲಾಕತ್ತೀ."

ಹುಟ್ಟಿದಾಗಿನಿಂದ ಇಂಥ ಮಾತು ಸಾತವ್ವ ಕೇಳಿರಲಿಲ್ಲ. ತಿರುಗಿ ಬಳ್ಳಿಯ ಕಡೆ ನೋಡಿದಳು. ಬರೀ ನಾರು ಉಳಿದಿತ್ತು. ತುದಿಯಲ್ಲಿ ಒಂದೇ ಒಂದು ಕಾಯಿ ಜೋತಾಡುತ್ತಿತ್ತು. ಅದರ ಮೇಲೂ ಒಂದು ಹುಳ ಹತ್ತುತ್ತಿತ್ತು.

ಅಷ್ಟರಲ್ಲಿ ಗಾಳಿ ಹಾದುಹೋಯಿತು. "ಗಾಳಿಯಣ್ಣಾ, ನಿಲ್ಲೋ! ನಾ ಮಾಡಿದ್ದು ತಪ್ಪೇನು? ಉಣಿಸೋದು ತಪ್ಪೇನು?" ಎಂದು ಸಾತವ್ವ ಕೂಗಿದಳು.

"ಉಣಿಸೋದು ತಪ್ಪಲ್ಲ, ಸಾತಕ್ಕಾ," ಎಂದಿತು ಗಾಳಿ, ಓಡುತ್ತಲೇ. "ಎದುರಿಗೆ ನಿಲ್ಲೋದು ತಪ್ಪು. ನಾ ಯಾಕ ಯಾರ ಮನ್ಯಾಗೂ ನಿಲ್ಲಂಗಿಲ್ಲ ಅಂತೀ? ಒಮ್ಮೆ ನಿನ್ನ ಮನ್ಯಾಗ ನಿಂತಿದ್ದೆ!"

ಸಾತವ್ವ ಅಳುತ್ತಲೇ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಗುಬ್ಬಿಗೆ ಹೇಳಿದಳು. "ನಾ ಖರೇ ಹೇಳ್ತೀನಿ. ಖಾಲಿ ಎಲಿ ಕಂಡ್ರ ನನ್ನ ಕೈ ನನ್ನ ಮಾತು ಕೇಳಂಗಿಲ್ಲ. ಏನ್ ಮಾಡ್ಲಿ?"

"ಹಂಗಾರ ನೋಡಬ್ಯಾಡ," ಎಂದಿತು ಗುಬ್ಬಿ. "ಊಟ ತನ್ನಿಚ್ಛೆ, ಅವ್ವಾ. ಎಲಿ ಬ್ಯಾಡ, ಬೆಣ್ಣಿ ಬ್ಯಾಡ. ಒಂದು ಹಿಡಿ ಒಣ ಕಾಳು ನೆಲಕ್ಕ ಚೆಲ್ಲು. ಬೆನ್ನು ತಿರುವು, ಒಳಗ ಹೋಗು. ನೀ ಹೊಳ್ಳಿ ನೋಡಿದ್ರ ನಾವು ಹಾರಿಬಿಡ್ತೀವಿ. ಅರ್ಧ ಹೊಟ್ಟಿ ನಿನ್ನ ಕಾಳಿಗೆ, ಇನ್ನರ್ಧ ನಿನ್ನ ಬಳ್ಳಿ ಹುಳಕ್ಕ."

"ನನ್ನಾಣಿ?" ಎಂದಳು ಸಾತವ್ವ.

"ಈ ಸಲ ನನ್ನಾಣಿ," ಎಂದಿತು ಗುಬ್ಬಿ. ಆಣೆ ಇಟ್ಟು ಉಣಿಸಿದವಳನ್ನು ಆಣೆಯಿಂದಲೇ ಕಟ್ಟಿಹಾಕಿತು.

ಉಳಿದ ಆ ಒಂದು ಕಾಯಿಯ ಪಕ್ಕದಲ್ಲಿ ಕೂತು ಸಾತವ್ವ ತನ್ನ ಕೈಯಾರೆ ಹುಳ ಹೆಕ್ಕಿದಳು, ಹಕ್ಕಿಗಳ ಮೈ ಹಗುರಾಗುವವರೆಗೂ ಹೆಕ್ಕಿದಳು. ಅವು ರೆಕ್ಕೆ ಬಿಚ್ಚಿ ಗೋಡೆ ಹತ್ತಿದ ದಿನ ಒಂದು ಹಿಡಿ ನವಣೆ ತಂದು ಚೆಲ್ಲಿದಳು. ಬೆನ್ನು ತಿರುಗಿಸಿದಳು. ಆ ಕೆಲವು ಹೆಜ್ಜೆ ನಡೆಯುವುದು ಅವಳಿಗೆ ಎಷ್ಟು ಕಷ್ಟವಾಯಿತೋ ಆ ಶಿವನಿಗೇ ಗೊತ್ತು. ಹೊಸ್ತಿಲ ಮೇಲೆ ತಡೆಯಲಾಗದೆ, "ಇನ್ನೊಂದು ಹಿಡಿ..." ಎಂದು ತಿರುಗಿದಳು.

ಬುರ್ರ್! ಹಿತ್ತಲು ಖಾಲಿ.

ಸಾತವ್ವ ನಾಲಿಗೆ ಕಚ್ಚಿಕೊಂಡಳು. ಒಳಗೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, ಟಕ್. ಸ್ವಲ್ಪ ಬಿಟ್ಟು, ಟಕ್ ಟಕ್. ಆಮೇಲೆ ಹಿತ್ತಲ ತುಂಬ ಚಿಲಿಪಿಲಿ.

ಎಷ್ಟು ಜನಕ್ಕೆ ಬಡಿಸಿದ್ದಳು ಅವಳು! ಆದರೆ ಉಣ್ಣುವವರ ಸಂತೋಷದ ಸದ್ದು ಅವಳ ಕಿವಿಗೆ ಬಿದ್ದದ್ದು ಅಂದೇ ಮೊದಲು. ತನ್ನ ದನಿಯೇ ಅಷ್ಟು ದೊಡ್ಡದಾಗಿತ್ತು ಇಷ್ಟು ದಿನ.

ಹಕ್ಕಿಗಳು ಕಾಳು ಮುಗಿಸಿ ಬಳ್ಳಿಯ ಮೇಲೆ ಹಾರಿದವು. ಹುಳಗಳ ಹಬ್ಬ ಮುಗಿಯಿತು. ಬಳ್ಳಿ ಚಿಗುರಿತು, ಆ ಒಂಟಿ ಕಾಯಿ ಬಲಿತು ಬೀಜವಾಯಿತು. ಇವತ್ತು ನಿಮ್ಮ ತಟ್ಟೆಗೆ ಬರುವ ಅವರೆಕಾಳೆಲ್ಲ ಅದರದೇ ಮಕ್ಕಳು, ಮರಿಮಕ್ಕಳು.

ಅಂದಿನಿಂದ ಹಕ್ಕಿಗಳು ನಾವು ನಿಂತು ನೋಡುತ್ತಿದ್ದರೆ ಕಾಳಿಗೆ ಇಳಿಯುವುದಿಲ್ಲ. ನಾಳೆ ಬೆಳಿಗ್ಗೆ ಹಿತ್ತಲಲ್ಲಿ ಒಂದು ಹಿಡಿ ಕಾಳು ಚೆಲ್ಲಿ, ಒಳಗೆ ಬಂದು, ಬಾಗಿಲ ಸಂದಿಯಿಂದ ಮೆಲ್ಲಗೆ ನೋಡಿ ಮಕ್ಕಳೇ: ಗುಬ್ಬಿ ಒಂದು ಕಾಳು ಕುಕ್ಕುತ್ತದೆ, ತಟ್ಟನೆ ತಲೆ ಎತ್ತಿ ಬಾಗಿಲ ಕಡೆ ನೋಡುತ್ತದೆ, ಸಾತವ್ವ ಸೌಟು ಹಿಡಿದು ಬಂದಳೇನೋ ಎಂದು.