ಕದಲಿಸದ ಪೂಜೆ

ಪೂಜ್ಯ ನಿಸ್ಸಂಗ ಅಜ್ಜನವರು ಮಣ್ಣೇರಹಾಳದ ಹಳ್ಳದ ದಂಡೆಯ ಮಠದಲ್ಲಿ ನೆಲೆಸಿದ್ದ ಕಾಲದ ಮಾತಿದು. ಮಠವೆಂದರೆ ದೊಡ್ಡದೇನನ್ನೂ ಕಲ್ಪಿಸಿಕೊಳ್ಳಬಾರದು. ಮಣ್ಣಿನ ಮಾಳಿಗೆಯ ಎರಡು ಕೋಣೆ, ಮುಂದೊಂದು ಕಟ್ಟೆ, ಕಟ್ಟೆಯ ಪಕ್ಕದಲ್ಲಿ ಹುಣಸೆಮರ. ಆ ಮರವೇ ಮಠದ ಆಸ್ತಿ. ಶಿವರಾತ್ರಿ ಕಳೆದು ಹಣ್ಣು ಉದುರುವ ದಿನಗಳಲ್ಲಿ ಅಜ್ಜನವರು ಪೂಜೆ ಮುಗಿಸಿ ಕಟ್ಟೆಯ ಮೇಲೆ ಕುಳಿತು, ಬಂದವರೊಡನೆ ತಾವೂ ನಾರು ತೆಗೆದು ಬೀಜ ಬಿಡಿಸುತ್ತಿದ್ದರು. ಕಷ್ಟ ಹೇಳಿಕೊಳ್ಳಲು ಬಂದವರಿಗೆ ಮೊದಲು ಸಿಗುತ್ತಿದ್ದುದು ಒಂದು ಬೊಗಸೆ ಹುಣಸೆಹಣ್ಣು. "ಬಿಡಸ್ಕೋತ ಹೇಳ್ರೆಪಾ" ಎನ್ನುತ್ತಿದ್ದರು.

ಅಂಥ ಒಂದು ಮುಂಜಾನೆ ಬಡಿಗರ ಮಾನಪ್ಪ ಬಂದ. ಮಠ, ಸ್ವಾಮಿಗಳು ಎಂದರೆ ಮೂಗು ಮುರಿಯುವ ಆಸಾಮಿ. ನಮಸ್ಕಾರವನ್ನೂ ಮಾಡದೆ ಕಟ್ಟೆಯ ಕೆಳಗೆ ನಿಂತ. ಅಜ್ಜನವರು ಅವನ ಮುಂದೆಯೂ ಒಂದು ಬೊಗಸೆ ಹಣ್ಣು ಸುರಿದರು.

"ನಾ ಹುಣಚಿಹಣ್ಣು ಬಿಡಸಾಕ ಬಂದಿಲ್ರಿ," ಎಂದ ಮಾನಪ್ಪ. "ನಮ್ಮ ವೈನಿ ನಿಮ್ಮ ಮಾತು ಕೇಳ್ತಾಳ. ಆಕಿಗೆ ಒಂದು ಮಾತು ಹೇಳ್ರಿ. ನಿಮ್ಮದೂ ಕೇಳಲಿಲ್ಲಂದ್ರ ನಾಳೆ ನಾ ಪ್ಯಾಟಿಗೆ ಹೋಗಾಂವ. ಕಟ್ಟಿಗಿ ಅಡ್ಡೆದಾಗ ಕೂಲಿ ಮಾಡ್ಕೊಂಡು ಇರ್ತೀನಿ."

"ಕೂಡು ತಮ್ಮಾ. ಬಿಡಸ್ಕೋತ ಹೇಳು."

ಮಾನಪ್ಪ ಒಲ್ಲದ ಮನಸ್ಸಿನಿಂದ ಕುಳಿತ. ಸಂಗತಿ ಇಷ್ಟು. ಅವನ ಅಣ್ಣ ಗಂಗಾಧರಪ್ಪ ಸುತ್ತಲಿನ ಊರುಗಳಿಗೆಲ್ಲ ಬೇಕಾದ ಬಡಿಗನಾಗಿದ್ದ. ಒಂದೂವರೆ ವರ್ಷದ ಹಿಂದೆ ಮಹಾನವಮಿಯಲ್ಲಿ, ಖಂಡೇಪೂಜೆಯ ದಿನ, ತನ್ನ ಬಾಚಿ, ಉಳಿ, ಗರಗಸಗಳನ್ನು ಗೋಡೆಯಲ್ಲಿನ ದೇವರ ಮಾಡದ ಕೆಳಗೆ ಹಲಗೆಯ ಮೇಲೆ ಕೂಡಿಸಿ, ವಿಭೂತಿ ಹಚ್ಚಿ ಪೂಜೆ ಮಾಡಿದ್ದ. ಪೂಜೆಗೆ ಕುಳಿತ ಆಯುಧಗಳಿಗೆ ಆ ದಿನ ವಿಶ್ರಾಂತಿ. ಮರುದಿನ ಬೆಳಿಗ್ಗೆ ಪೂಜೆ ಮಾಡಿದವನೇ ಅವುಗಳನ್ನು ತುಸು ಕದಲಿಸಿ, ಕೈಗೆತ್ತಿಕೊಂಡು, ಒಂದು ತುಂಡು ಕಟ್ಟಿಗೆಯನ್ನಾದರೂ ಕೊರೆಯಬೇಕು. ಆಗಲೇ ಪೂಜೆ ಮುಗಿದಂತೆ. ಇದು ಬಡಿಗರ ಮನೆತನದ ವಾಡಿಕೆ. ಗಂಗಾಧರಪ್ಪ ಆ ಬೆಳಗು ಕಾಣಲಿಲ್ಲ. ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ.

ಅಂದಿನಿಂದ ಆಯುಧಗಳು ಕುಳಿತಲ್ಲೇ ಕುಳಿತಿದ್ದವು. ಅವನ ಹೆಂಡತಿ ಕಾಳವ್ವ ಯಾರಿಗೂ ಮುಟ್ಟಗೊಡಲಿಲ್ಲ. ದಿನವೂ ಮಿಂದು ಬಂದು ಅವಕ್ಕೆ ನೀರು ಚಿಮುಕಿಸಿ, ಅರಿಶಿನ ಕುಂಕುಮ ಏರಿಸಿ, ಹೂವಿಡುತ್ತಿದ್ದಳು. ಮಾನಪ್ಪ ಊರಿನ ಇನ್ನೊಬ್ಬ ಬಡಿಗನ ಆಯುಧಗಳನ್ನು ಎರವಲು ತಂದು ಇಬ್ಬರ ಹೊಟ್ಟೆ ಹೊರೆಯುತ್ತಿದ್ದ. ಈಗ ಆತ ತನ್ನವನ್ನು ತಿರುಗಿ ಕೇಳಿದ್ದ.

"ಕಬ್ಬಿಣಕ್ಕ ದಿನಾ ನೀರು ಹಾಕ್ತಾಳ್ರಿ," ಎಂದ ಮಾನಪ್ಪ. "ಎಲ್ಲಾ ಜಂಗು ಹಿಡದೈತಿ. ಕುಂಕುಮ ಯಾವುದು, ಜಂಗು ಯಾವುದು, ತಿಳ್ಯಾಂಗಿಲ್ಲ. ಕೇಳಿದ್ರ, ಅವ್ರು ಕೂಡಿಸ್ಯಾರ, ಅವರ ಕದಲಸಬೇಕು ಅಂತಾಳ. ಸತ್ತಾಂವ ಎದ್ದು ಬರ್ತಾನೇನ್ರಿ? ನಿಮ್ಮಂಥವ್ರು ಪೂಜಿ ಪೂಜಿ ಅಂತ ಹೇಳೇ ಇಕಿ ಹಿಂಗಾಗ್ಯಾಳ."

ಹಣ್ಣು ಬಿಡಿಸುತ್ತ ಕುಳಿತಿದ್ದ ಭಕ್ತರು ಮುಖ ಮುಖ ನೋಡಿಕೊಂಡರು. ಅಜ್ಜನವರ ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. "ನೀ ಹೋದ್ರ ಆಕಿಗೆ ಯಾರದಾರ?" ಎಂದಷ್ಟೇ ಕೇಳಿದರು.

ಮಾನಪ್ಪ ಮುಂದಿದ್ದ ಹಣ್ಣಿನತ್ತ ನೋಡಿದ. ಮಾತಿನ ಭರದಲ್ಲಿ ಅವನ ಕೈ ತನ್ನ ಪಾಡಿಗೆ ತಾನು ಹಣ್ಣು ಬಿಡಿಸಿಟ್ಟಿತ್ತು. ಅಜ್ಜನವರು ಅದನ್ನೇ ಉಂಡೆ ಕಟ್ಟಿ ಅವನ ಕೈಗೆ ಕೊಟ್ಟು ಎದ್ದರು. "ನಡಿ. ಇವತ್ತಿನ ಭಿಕ್ಷಾ ನಿಮ್ಮ ಮನ್ಯಾಗ."

ಗುರುಗಳು ತಾವಾಗಿಯೇ ದಯಮಾಡಿಸಿದ್ದು ಕಂಡು ಕಾಳವ್ವ ಗಾಬರಿಯಾದಳು. ಪಾದಕ್ಕೆ ನೀರೆರೆದು ಕಂಬಳಿ ಹಾಸಿದಳು. ಅಜ್ಜನವರು ಕಂಬಳಿ ಬಿಟ್ಟು, ಆ ಹಲಗೆಯ ಮುಂದೆ ಬರಿ ನೆಲದ ಮೇಲೆ ಕುಳಿತರು. ಬಹಳ ಹೊತ್ತು ಆಯುಧಗಳನ್ನೇ ನೋಡಿದರು. ಆಮೇಲೆ ಒಂದು ಉಳಿಯತ್ತ ಕೈ ಚಾಚಿದರು.

"ಅಜ್ಜಾರ, ಬ್ಯಾಡ್ರಿ," ಎಂದಳು ಕಾಳವ್ವ. ಗುರುಗಳಿಗೆ ಬೇಡವೆಂದದ್ದಕ್ಕೆ ಕೂಡಲೇ ಕೈಮುಗಿದಳು. "ಮುಟ್ಟಿದ್ರ ಅವರ ಕೈ ಗುರುತು ಹೋಗ್ತೈತ್ರಿ. ನನಗ ಉಳದದ್ದು ಅದೊಂದ."

ಅಜ್ಜನವರು ಉಳಿಯನ್ನು ಎತ್ತಲಿಲ್ಲ. ಅದರ ಅಲಗಿನ ಮೇಲೆ ಬೆರಳೊಂದನ್ನು ಎಳೆದು ಅವಳಿಗೆ ತೋರಿಸಿದರು. ಬೆರಳ ತುಂಬ ಕೆಂಪು ಪುಡಿ.

"ಇದು ಗಂಗಾಧರನ ಕೈ ಅಲ್ಲವ್ವಾ. ಇದು ನಿನ್ನ ನೀರು."

ಕಾಳವ್ವ ಆ ಪುಡಿಯನ್ನು ನೋಡಿದಳು. ಗಂಡನದೆಂದು ಕಾಯ್ದದ್ದನ್ನು ತಾನೇ ದಿನವೂ ಕೊಂಚ ಕೊಂಚ ಜಂಗಿಗೆ ತಿನ್ನಿಸುತ್ತ ಬಂದಿದ್ದಳು. ಅಜ್ಜನವರು ಅವಳ ಹೆಬ್ಬೆರಳನ್ನು ಉಳಿಯ ಮರದ ಹಿಡಿಕೆಗೆ ತಾಗಿಸಿದರು. ಅಲ್ಲಿ ವರ್ಷಗಟ್ಟಲೆ ಹಿಡಿದು ಹಿಡಿದು ಒಂದು ತಗ್ಗು ಬಿದ್ದು, ಬೆವರು ಕುಡಿದು ಕಪ್ಪಾಗಿ ಹೊಳೆಯುತ್ತಿತ್ತು. ಅವಳ ಬೆರಳು ಆ ತಗ್ಗಿನಲ್ಲಿ ಹೋಗಿ ಕೂತಿತು. ಅಷ್ಟು ದಿನ ಬಿಗಿಹಿಡಿದಿದ್ದ ಅಳು ಆಗ ಬಂತು. ಅಜ್ಜನವರು ತಡೆಯಲಿಲ್ಲ.

ಅಳು ತಗ್ಗಿದ ಮೇಲೆ ಅವಳೇ ಕೇಳಿದಳು: "ಅವ್ರು ಕೂಡಿಸಿದ್ದು ನಾ ಕದಲಸಬಹುದೇನ್ರಿ?"

"ಅವನ ಅರ್ಧ ನೀನ ಅಲ್ಲೇನವ್ವಾ?"

ಕಾಳವ್ವ ಕಣ್ಣೊರೆಸಿಕೊಂಡು ಉಳಿಯನ್ನು ತುಸು ಕದಲಿಸಿ, ಎರಡೂ ಕೈಯಲ್ಲಿ ಎತ್ತಿದಳು.

ಮುಂದೆ ನಡೆದದ್ದು ಸೇವೆ ಎನ್ನಬೇಕೋ ಪೂಜೆ ಎನ್ನಬೇಕೋ. ಹುಣಸೆಹಣ್ಣನ್ನು ನೀರಿನಲ್ಲಿ ಕಿವುಚಿ ಆಯುಧಗಳ ಅಲಗಿಗೆ ಮೆತ್ತಿ ಬಿಟ್ಟರು. ಮಾನಪ್ಪ ಹಳೆಯ ಇಟ್ಟಂಗಿ ಕುಟ್ಟಿ ಪುಡಿ ಮಾಡಿದ. ಅಂಗಳದಲ್ಲಿ ಮೂವರೂ ಕುಳಿತು ತೆಂಗಿನ ನಾರಿನಿಂದ ತಿಕ್ಕಿದರು. ಕಬ್ಬಿಣವನ್ನಷ್ಟೇ. ಹಿಡಿಕೆಗಳಿಗೆ ನೀರು ತಾಗದಂತೆ ಅಜ್ಜನವರು ಅರಿವೆ ಸುತ್ತಿಸಿದ್ದರು. ಕೆಂಪು ರಾಡಿ ಮೊಣಕೈವರೆಗೆ ಇಳಿಯುತ್ತಿತ್ತು.

"ನೀವು ಬಿಡ್ರಿ ಅಜ್ಜಾರ, ಕೈಯೆಲ್ಲಾ ಕೆಂಪಾದ್ವು," ಎಂದ ಮಾನಪ್ಪ.

"ಕಾವಿ ಉಟ್ಟಾಂವಗ ಕೆಂಪಿನ ಹೆದರಿಕಿ ಏನಪಾ? ನೀ ತಿಕ್ಕು, ನಿಂದ ಇನ್ನೂ ಅರ್ಧಾ ಆಗಿಲ್ಲ."

ಎಷ್ಟೋ ತಿಂಗಳ ಮೇಲೆ ಕಾಳವ್ವ ನಕ್ಕಳು. ಮಾನಪ್ಪ ತಿಕ್ಕುವುದನ್ನು ನಿಲ್ಲಿಸಿ ಅವಳತ್ತ ನೋಡಿದ.

ತೊಳೆದು, ಒರೆಸಿ, ಬಿಸಿಲಿಗೆ ಒಣಗಿಸಿ, ಔಡಲೆಣ್ಣೆಯ ಬಟ್ಟೆಯಿಂದ ಸವರಿದಾಗ ಕಬ್ಬಿಣ ಮೈದೋರಿತು. ಆದರೆ ಅಲ್ಲಲ್ಲಿ ತಿಂದುಹೋದ ಕಪ್ಪು ಚುಕ್ಕೆಗಳು ಉಳಿದಿದ್ದವು. ಕಾಳವ್ವ ಅವನ್ನು ಮತ್ತೆ ಮತ್ತೆ ತಿಕ್ಕಿದಳು. "ಇವು ಹೋಗವಲ್ವು, ಅಜ್ಜಾರ."

"ಅವು ಇರ್ತಾವವ್ವಾ," ಎಂದರು ಅಜ್ಜನವರು ಮೆಲ್ಲಗೆ. "ಇದ್ರೂ ಉಳಿ ಕೆಲಸ ಮಾಡತೈತಿ."

ಮಾನಪ್ಪ ಉಳಿಯನ್ನು ಸಾಣೆಕಲ್ಲಿಗೆ ಕೊಟ್ಟು ಬಾಯಿ ಹರಿತ ಮಾಡಿದ. ಪೂಜೆ ಮುಗಿಯಲು ಒಂದು ತುಂಡು ಕಟ್ಟಿಗೆ ಬೇಕಾಗಿತ್ತು. ಅವನು ಹಿತ್ತಲಿಗೆ ಹೊರಟಾಗ ಕಾಳವ್ವ ತಡೆದು, ಒಳಗಿನಿಂದ ಅರ್ಧಕ್ಕೆ ನಿಂತ ಒಂದು ಮಣೆಯನ್ನು ತಂದಿಟ್ಟಳು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನಡು ನೋಯುತ್ತದೆಂದು ಅವಳು ಅಂದಿದ್ದಕ್ಕೆ ಗಂಗಾಧರಪ್ಪ ಹಬ್ಬದ ಮುನ್ನಾದಿನ ಶುರುಮಾಡಿದ್ದು. ಒಂದು ಬದಿಯ ಕಾಲು ಕೂತಿತ್ತು. ಇನ್ನೊಂದು ಬದಿಗೆ ತೂತು ಕೊರೆಯಲು ಎಳೆದ ಗೆರೆಯಷ್ಟೇ ಇತ್ತು.

ಆ ಗೆರೆಯ ಮೇಲೆ ಮಾನಪ್ಪ ಬೆರಳಾಡಿಸಿದ. ಮಠದ ಕಟ್ಟೆಯ ಮುಂದೆ ಬಾಗದ ತಲೆ ಈಗ ಬಾಗಿತು. ಉಳಿಯನ್ನು ಕಣ್ಣಿಗೊತ್ತಿಕೊಂಡು, ಅಜ್ಜನವರ ಪಾದ ಮುಟ್ಟಿ, ಅಣ್ಣ ಎಳೆದ ಗೆರೆಯ ಮೇಲೆಯೇ ಮೊದಲ ಏಟು ಹಾಕಿದ. ಆ ಸದ್ದಿಗೆ ನೆರೆಮನೆಯವರು ಬಾಗಿಲಿಗೆ ಬಂದು ನಿಂತರು.

ಹೊತ್ತು ಇಳಿಯುವಾಗ ಮಣೆ ಮುಗಿಯಿತು. ಕಾಳವ್ವ ಅದನ್ನು ಗುರುಗಳಿಗೆ ಆಸನವಾಗಿ ಹಾಕಿದಳು. ಅವರು ಕೂರಲಿಲ್ಲ. "ಅದು ನನ್ನ ಹೆಸರೀಲೆ ಮಾಡಿದ್ದಲ್ಲ. ನೀ ಕೂಡು. ಮುಂಜಾನಿಂದ ಭಿಕ್ಷಾ ಅಂತ ಬಂದು ಕುಂತೀನಿ, ಒಂದು ರೊಟ್ಟಿ ಸುದ್ದಾ ಇಲ್ಲ."

ಕಾಳವ್ವ ನಾಚಿಕೊಂಡು ಒಲೆ ಹೊತ್ತಿಸಿ, ಮಣೆಯ ಮೇಲೆ ಕುಳಿತು ರೊಟ್ಟಿ ಬಡಿಯತೊಡಗಿದಳು.

"ಎತ್ತರ ಸಾಕಾತೇನವ್ವಾ?" ಎಂದು ಅಜ್ಜನವರು ಕೇಳಿದರು.

"ಅವರಿಗೆ ಗೊತ್ತಿತ್ರಿ ಅಜ್ಜಾರ, ನನ್ನ ಎತ್ತರ," ಎಂದಳು ಕಾಳವ್ವ.

ಮಾನಪ್ಪ ಪೇಟೆಗೆ ಹೋಗಲಿಲ್ಲ. ಹುಣಸೆ ಉದುರುವ ಕಾಲಕ್ಕೆ ಕರೆಯದೆಯೇ ಬಂದು ಮಠದ ಕಟ್ಟೆಯ ಮೇಲೆ ಕೂರುವವರಲ್ಲಿ ಅವನೇ ಮೊದಲಿಗನಾದ. ಖಂಡೇಪೂಜೆ ಬಂದಾಗ ಆಯುಧಗಳನ್ನು ತಿಕ್ಕಿ, ಎಣ್ಣೆ ಸವರಿ ಕೂಡಿಸುವವನು ಅವನು. ಮರುದಿನ ಬೆಳಿಗ್ಗೆ ಬಂದು ಮೊದಲ ಉಳಿಯನ್ನು ಕದಲಿಸಿ ಅವನ ಕೈಗಿಡುವವಳು ಕಾಳವ್ವ. ಗುರುವಿನ ಕರುಣೆ ಆ ಮನೆಯಲ್ಲಿ ಹೀಗೆ ಕೈಯಿಂದ ಕೈಗೆ ಸಾಗಿತು.