ನಿನಗೆಂದೇ ಕಟ್ಟಿದ ಎತ್ತು

"ಗುರುಗಳೇ, ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾಗಿದೆ. ಅವಳಿಗೆ ತಿಳಿಸಿಲ್ಲ. ಫೋನಿನಲ್ಲಿ ಅದರ ಬಗ್ಗೆ ಗುಟ್ಟಾಗಿ ಓದಿದೆ. ನನ್ನನ್ನು ಹಿಂಬಾಲಿಸಬೇಡಿ ಎಂದು ಸೆಟ್ಟಿಂಗ್ಸಿನಲ್ಲಿ ಒತ್ತಿದ್ದೆ, ಓದಿದ್ದನ್ನೆಲ್ಲ ಅಳಿಸಿದ್ದೆ. ಆದರೂ ಮರುದಿನ ಅಮ್ಮ ಅದೇ ಫೋನಿನಲ್ಲಿ ಹಾಡು ಕೇಳುತ್ತಿದ್ದಾಗ ಆ ಕಾಯಿಲೆಯ ಔಷಧಿಯ ಜಾಹೀರಾತು ಬಂತು. ಇನ್ನೂ ಭದ್ರವಾಗಿ ಮುಚ್ಚುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನ ಜೋಡೆತ್ತುಗಳಲ್ಲಿ ಎಡಗಡೆಯದು ಸತ್ತಿತು. ಉಳಿದದ್ದು ಬಲಗಡೆಗೇ ಪಳಗಿದ್ದು, ನೊಗದ ಎಡಕ್ಕೆ ಕಟ್ಟಿದರೆ ಹೆಜ್ಜೆ ಕೀಳದು. ಬಿತ್ತನೆಗೆ ನಾಲ್ಕೇ ದಿನ. ರೈತ ದನದ ಸಂತೆಗೆ ಹೊರಟ. ತನ್ನ ಅವಸರ ಗೊತ್ತಾದರೆ ಸುಲಿದುಬಿಡುತ್ತಾರೆಂದು ಅವನಿಗೆ ಭಯ. ಬೀಜಕ್ಕೆಂದು ಇಟ್ಟ ಹಣ ಮುಟ್ಟುವುದಿಲ್ಲವೆಂದು ಹೆಂಡತಿಗೆ ಮಾತು ಕೊಟ್ಟಿದ್ದ.

ಆ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ದಲ್ಲಾಳಿ ತನ್ನ ಹೆಗಲ ವಲ್ಲಿಯನ್ನು ತನ್ನ ಮತ್ತು ಕೊಳ್ಳುವವನ ಕೈಮೇಲೆ ಹೊದಿಸುತ್ತಾನೆ, ಅದರಡಿ ಒಬ್ಬರ ಬೆರಳು ಒಬ್ಬರು ಹಿಡಿದು ಮಾತುಕತೆ, ಬೆರಳಿನ ಲೆಕ್ಕವೇ ಬೆಲೆ. ಸುತ್ತ ನಿಂತವರಿಗೆ ಏನೂ ಕಾಣದು. ರೈತನಿಗೆ ಈ ಏರ್ಪಾಡು ಬಹಳ ಹಿಡಿಸಿತು. ಇಷ್ಟರವರೆಗೆ ಬರಬಲ್ಲೆ ಎಂದು ಬೆರಳಲ್ಲೇ ತಿಳಿಸಿದ, ಎಡಗಡೆಗೆ ಹೂಡುವ ಎತ್ತೇ ಬೇಕೆಂದು ದಲ್ಲಾಳಿಯ ಕಿವಿಯಲ್ಲಿ ಹೇಳಿದ. ಮೊದಲ ಗೂಟದ ಎತ್ತಿನ ವ್ಯಾಪಾರ ಕುದುರಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ಬರುತ್ತೇನೆಂದು ದಲ್ಲಾಳಿ ಒಂದು ಗಳಿಗೆ ಆಚೆ ಹೋಗಿ ಬಂದ.

ಮುಂದಿನ ಗೂಟದ ಬಳಿ ಗುರುತು ಪರಿಚಯವಿಲ್ಲದ ಯಜಮಾನನೊಬ್ಬ, "ಬಾರಣ್ಣ, ನಿಂಗೆ ಎಡಗಡೇದು ತಾನೇ ಬೇಕಾಗಿರೋದು? ನಿಂಗೇ ಅಂತ ಕಟ್ಟಿದೀನಿ" ಅಂದ. ಬೆಲೆ ಸರಿಯಾಗಿ ರೈತನ ಕೊನೆಯ ಬೆರಳಿಗೇ ಬಂದು ನಿಂತಿತು. ಇನ್ನೂ ಕಡಿಮೆಗೆ ಸಿಕ್ಕೀತೆಂದು ರೈತ ಮುಂದೆ ನಡೆದ. ಅದರಾಚೆಯ ಗೂಟದಲ್ಲೂ ಅದೇ ಮಾತು, ಬೆಲೆ ಮಾತ್ರ ಒಂದು ಬೆರಳು ಮೇಲೆ.

ವಲ್ಲಿ ತೆಳುವಾಯಿತು, ಯಾರೋ ಇಣುಕಿದ್ದಾರೆ ಎಂದು ರೈತ ಅಂದುಕೊಂಡ. ಜಾಣನಲ್ಲವೇ, ತನ್ನ ಕರಿಕಂಬಳಿಯನ್ನೇ ತೆಗೆದು ದಲ್ಲಾಳಿಗೆ ಕೊಟ್ಟು, "ಇದನ್ನ ಹೊದಿಸಣ್ಣ, ನೊಣಾನೂ ನುಸುಳಬಾರದು" ಅಂದ. ದಲ್ಲಾಳಿ ಬಹಳ ಮರ್ಯಾದೆಯಿಂದ ಹೊದಿಸಿದ, ಅಂಚುಗಳನ್ನೂ ಒಳಗೆ ಸಿಕ್ಕಿಸಿದ. ಇನ್ನು ಭಯವಿಲ್ಲವೆಂದು ರೈತ, ತೀರಾ ಕಷ್ಟವಾದರೆ ಬೀಜದ ಹಣವೂ ಇದೆ ಎನ್ನುವುದನ್ನು ಕಂಬಳಿಯೊಳಗೆ ತಿಳಿಸಿದ.

ಸಂಜೆ ಎತ್ತು ಹಿಡಿದು ಮನೆಗೆ ಬಂದಾಗ ಬೀಜಕ್ಕೆ ಏನೂ ಉಳಿದಿರಲಿಲ್ಲ. ಹೆಂಡತಿಯ ಮುಖ ನೋಡಲು ನಾಚಿಕೆಯಾಗಿ, "ಬರೋ ಸಂತೆಗೆ ಇನ್ನೂ ದಪ್ಪ ಕಂಬಳಿ ತಗೊಂಡು ಹೋಗ್ತೀನಿ" ಅಂದ.

ಕತೆ ಅಲ್ಲಿಗೇ ನಿಂತಿತು. ಶಿಷ್ಯ, "ದಪ್ಪ ಕಂಬಳಿಯಿಂದಾದರೂ ಗುಟ್ಟು ಉಳಿಯಿತೇ?" ಎಂದು ಕೇಳಿದ.

ಗುರುಗಳು ಅವನ ಅಂಗೈಯಲ್ಲಿದ್ದ ಫೋನನ್ನು ನೋಡಿ ಅಂದರು, "ಕಂಬಳಿಯೊಳಗೆ ಅವನು ಹಿಡಿದಿದ್ದದ್ದು ಯಾರ ಕೈ?"